ಗುಳಿಗೆಗೆ ಪೂರ್ತಿ ಅಂಕ, ಕಾಳಿನ ಚೀಲಕ್ಕೆ ಅರ್ಧ: ಕ್ಷಯರೋಗಿಗಳ ನೆರವಿನ ಸೇವೆಯನ್ನು ಆರು ತಿಂಗಳು ಕಂಡ ಮೇಲೆ

ಇಳಕಲ್ಲಿನಲ್ಲಿ ಕೈಮಗ್ಗ ನೇಯುವ ನಮ್ಮ ಕಾಕಾ ಅವರಿಗೆ ಶ್ವಾಸಕೋಶದ ಕ್ಷಯ ಇರುವುದು ಕಳೆದ ವರ್ಷ ಖಚಿತವಾಯಿತು. ಅಂದಿನಿಂದ ಚಿಕಿತ್ಸೆ ಮುಗಿಯುವವರೆಗಿನ ಆರು ತಿಂಗಳು, ಬಾಗಲಕೋಟೆಯ ನವನಗರದಿಂದ ಶನಿವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದ ನನಗೆ, ಸರಕಾರದ ಕ್ಷಯ ಸೇವೆಯ ಎರಡು ಭಾಗಗಳನ್ನು, ಅಂದರೆ ರೋಗಕ್ಕೆ ಕೊಡುವ ಔಷಧವನ್ನೂ ರೋಗಿಯ ಹೊಟ್ಟೆಗೆ ಕೊಡುವ ನೆರವನ್ನೂ, ಹತ್ತಿರದಿಂದ ನೋಡುವಂತಾಯಿತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಹಿರಿಯರು ಹಂಗಿಸುವುದುಂಟು. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಮಾತ್ರ ಬಟ್ಟೆ ಯಾರು ಕೊಟ್ಟರೂ ಮೊಳ ಹಾಕಿ ನೋಡುವುದು ತಪ್ಪೆಂದು ಎಂದೂ ಅನಿಸಿಲ್ಲ. ಹೋಟೆಲಿನ ದೋಸೆಯ ಬಗ್ಗೆ, ಮೊಬೈಲಿನ ಬ್ಯಾಟರಿಯ ಬಗ್ಗೆ ಇಷ್ಟುದ್ದ ಬರೆಯುವ ನಾವು, ಬಡವರ ಮನೆಯ ಬಾಗಿಲಿಗೆ ಬರುವ ಸೇವೆಯನ್ನು ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ತೂಗದೆ ಬಿಡಬಾರದು.

ಮೊದಲು ಔಷಧದ ಮಾತು, ಏಕೆಂದರೆ ಅದರಲ್ಲಿ ದೂರುವಂಥದ್ದು ಹೆಚ್ಚಿಲ್ಲ. ಕಾಕಾ ಎರಡು ತಿಂಗಳು ಕೆಮ್ಮಿದರು. ಮನೆಯವರು ನೂಲಿನ ಧೂಳಿನದೆಂದು ತಿಳಿದರು, ಖಾಸಗಿ ವೈದ್ಯರೊಬ್ಬರು ಎರಡು ಬಾಟಲಿ ಸಿರಪ್ ಬರೆದುಕೊಟ್ಟರು. ಕೊನೆಗೆ ಅದನ್ನು ಹಿಡಿದವರು ಬೇರೆ ಯಾವುದೋ ಸಮೀಕ್ಷೆಗೆಂದು ಓಣಿಗೆ ಬಂದಿದ್ದ ಆಶಾ ಕಾರ್ಯಕರ್ತೆ. ಅವರು ಹೊಸ್ತಿಲಲ್ಲಿ ನಿಂತೇ ಕೆಮ್ಮಿನ ಸದ್ದು ಕೇಳಿ, ಎಷ್ಟು ದಿನದಿಂದ ಎಂದು ವಿಚಾರಿಸಿ, ಮರುದಿನ ಬೆಳಿಗ್ಗೆ ಕಫ ಹಿಡಿಯುವ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ತಂದುಕೊಟ್ಟರು. ಗೋವಾದ ಕಂಪನಿಯೊಂದು ತಯಾರಿಸುವ ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷೆಯಾಗಿ, ರೋಗ ಇದೆಯೆಂಬುದೂ ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಂಬುದೂ ಮರುದಿನವೇ ತಿಳಿಯಿತು. ದೇಹದ ತೂಕಕ್ಕೆ ತಕ್ಕಷ್ಟು ಗುಳಿಗೆ, ಮೊದಲ ಎರಡು ತಿಂಗಳು ನಾಲ್ಕು ಔಷಧಗಳು ಕೂಡಿದ್ದು, ನಂತರದ ನಾಲ್ಕು ತಿಂಗಳು ಮೂರು ಔಷಧಗಳು ಕೂಡಿದ್ದು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಗುಲಾಬಿ ಸೀರೆಯವರು ವಾರವಾರವೂ ಮನೆಗೆ ಬಂದರೆ ಓಣಿಯಲ್ಲಿ ಮಾತು ಹುಟ್ಟುತ್ತದೆಂದು ಕಾಕೂ ಅಂಜಿದಾಗ, ಆ ಆಶಾ ತಾಯಿ ಸಂಜೆಯ ಹೊತ್ತು ಮನೆಯುಡುಗೆಯಲ್ಲಿ, ಮೆಂತ್ಯೆ ಸೊಪ್ಪಿನ ಚೀಲದ ತಳದಲ್ಲಿ ಗುಳಿಗೆಯ ಪಟ್ಟಿಗಳನ್ನಿಟ್ಟುಕೊಂಡು ಬರತೊಡಗಿದರು. ಯಾವ ಸುತ್ತೋಲೆಯೂ ಇದನ್ನು ಅವರಿಗೆ ಕಲಿಸಿರಲಾರದು.

ಕೊರತೆಯೆಂದರೆ ಒಂದೇ. ರಿಫಾಂಪಿಸಿನ್ ನುಂಗಿದವರ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆಂದು ಮೊದಲೇ ಯಾರೂ ಹೇಳಿರಲಿಲ್ಲ. ರಕ್ತವೇ ಹೋಗುತ್ತಿದೆಯೆಂದು ತಿಳಿದು ಕಾಕಾ ಎರಡನೆಯ ರಾತ್ರಿಯೆಲ್ಲ ಎದ್ದು ಕುಳಿತಿದ್ದರು. ಬೆಳಗಾದ ಮೇಲೆ ಫೋನಿನಲ್ಲಿ ಸಮಾಧಾನ ಹೇಳಿದ್ದರಿಂದ ಗುಳಿಗೆ ಬಿಡುವುದು ತಪ್ಪಿತು. ಇಷ್ಟಾದರೂ ಔಷಧದ ಭಾಗಕ್ಕೆ ಐದಕ್ಕೆ ಐದು ಅಂಕ ಕೊಡಲು ನನಗೆ ಯಾವ ಸಂಕೋಚವೂ ಇಲ್ಲ.

ಆಹಾರದ ನೆರವಿನ ಸಂಗತಿ ಬೇರೆ. ಅದು ಎರಡು ದಾರಿಯಲ್ಲಿ ಬರುತ್ತದೆ. ಒಂದು, ನಿಕ್ಷಯ್ ಪೋಷಣ್ ಯೋಜನೆಯ ಹಣ. 2018ರ ಏಪ್ರಿಲಿನಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾದ ಇದು 2024ರ ನವೆಂಬರಿನಿಂದ 1000 ರೂಪಾಯಿಯಾಗಿದೆ. ಆರು ತಿಂಗಳ ಹಣವನ್ನು ತಲಾ 3000 ರೂಪಾಯಿಯ ಎರಡು ಕಂತುಗಳಲ್ಲಿ ರೋಗಿಯ ಖಾತೆಗೆ ಹಾಕುತ್ತಾರೆ. ಮೊದಲನೆಯದು ರೋಗ ಪತ್ತೆಯಾದಾಗ ಮುಂಗಡವಾಗಿ ಬರಬೇಕು, ಎರಡನೆಯದು 84 ದಿನ ಚಿಕಿತ್ಸೆ ಮುಗಿದ ಮೇಲೆ. ಇನ್ನೊಂದು, 2022ರ ಸೆಪ್ಟೆಂಬರಿನಲ್ಲಿ ಶುರುವಾದ ನಿಕ್ಷಯ್ ಮಿತ್ರ ವ್ಯವಸ್ಥೆ. ಇದರಲ್ಲಿ ಯಾವುದಾದರೂ ಸಂಸ್ಥೆ, ಕಂಪನಿ ಅಥವಾ ವ್ಯಕ್ತಿ ತಾವಾಗಿ ಮುಂದೆ ಬಂದು ರೋಗಿಗಳ ಹೊಣೆ ಹೊತ್ತು, ತಿಂಗಳಿಗೊಂದು ಆಹಾರದ ಕಿಟ್ ಕೊಡುತ್ತಾರೆ. ಗುಳಿಗೆಯನ್ನು ಸರಕಾರ ಕೊಡಲೇಬೇಕು, ಕಿಟ್ಟನ್ನು ಮಾತ್ರ ಯಾರಾದರೂ ಮನಸ್ಸು ಮಾಡಿದರೆ ಉಂಟು.

ನಮ್ಮ ಮನೆಗೆ ಬಂದ ಮೊದಲ ಕಿಟ್ಟನ್ನು ಮಗ್ಗದ ಪಕ್ಕದ ನೆಲದ ಮೇಲೆ ನಾನೇ ಬಿಚ್ಚಿದೆ. 3 ಕಿಲೋ ಗೋಧಿ ಹಿಟ್ಟು, ಒಂದೂವರೆ ಕಿಲೋ ತೊಗರಿ ಬೇಳೆ, 250 ಗ್ರಾಂ ಎಣ್ಣೆ, 1 ಕಿಲೋ ಶೇಂಗಾ. ಶೇಂಗಾ ಕಂಡು ಕಾಕೂ ಅವರ ಮುಖ ಅರಳಿತು, ಗೋಧಿ ಹಿಟ್ಟು ಕಂಡು ಅವರು ಏನೂ ಅನ್ನಲಿಲ್ಲ. ಇದು ಮೂರು ಹೊತ್ತೂ ಜೋಳದ ರೊಟ್ಟಿಯ ಮನೆ, ಗೋಧಿ ಹಬ್ಬದ ಹೋಳಿಗೆಗೆ ಮಾತ್ರ. ಒಳಗೆ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ ಹಂಚಿದರೆ ದಿನಕ್ಕೆ 100 ಗ್ರಾಂ ಹಿಟ್ಟು, 50 ಗ್ರಾಂ ಬೇಳೆ, ಮೂವತ್ತು ಚಿಲ್ಲರೆ ಗ್ರಾಂ ಶೇಂಗಾ, ಎರಡು ಚಮಚದಷ್ಟೂ ಇಲ್ಲದ ಎಣ್ಣೆ, ಎಲ್ಲ ಕೂಡಿ 775 ಕ್ಯಾಲೊರಿಯ ಆಸುಪಾಸು, ಪ್ರೋಟೀನು 30 ಗ್ರಾಂ. ಒಬ್ಬ ರೋಗಿಯ ಊಟದ ಜೊತೆಗೆ ಇಷ್ಟು ಹೆಚ್ಚಿಗೆ ಸೇರಿದರೆ ಅದು ಸಣ್ಣದಲ್ಲ. ಆದರೆ ಆ ಮನೆಯಲ್ಲಿ ಕಾಕಾ, ಕಾಕೂ, ಆಯಿ ಮತ್ತು ಎರಡು ಮಕ್ಕಳು ಸೇರಿ ಐದು ಜನ. ದಿನಕ್ಕೆ ಒಂದೂವರೆ ಕಿಲೋ ಹಿಟ್ಟು ಖರ್ಚಾಗುವ ಒಲೆಗೆ ಚೀಲದ 3 ಕಿಲೋ ಎಂದರೆ ಎರಡು ದಿನದ ಮಾತು. ಕಿಟ್ಟು ರೋಗಿಗೆ ಮಾತ್ರ ಎಂದು ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿತ್ತು. ಹತ್ತು ವರ್ಷದ ಹುಡುಗಿ ಎದುರಿಗೆ ಕೂತು ನೋಡುತ್ತಿರುವಾಗ ಕಾಕಾ ಒಬ್ಬರೇ ಶೇಂಗಾ ಉಂಡೆ ತಿನ್ನುವುದು ಹೇಗೆ ಎಂಬುದನ್ನು ಚೀಟಿ ಬರೆದವರು ಯೋಚಿಸಿದಂತೆ ಕಾಣಲಿಲ್ಲ. ಹನ್ನೊಂದನೆಯ ದಿನಕ್ಕೆ ಚೀಲ ಬರಿದಾಯಿತು.

ಈ ಚೀಲವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂದು ತಿಳಿಯಲು ನಾನು ಹಿಂದಿನದನ್ನು ಓದತೊಡಗಿದೆ. ಕ್ಷಯಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ, ವಿಶೇಷವಾಗಿ ಎರಡು ಮಹಾಯುದ್ಧಗಳ ನಡುವೆ, ಬ್ರಿಟನ್ನಿನ ಊರೂರಿನ ಆಡಳಿತಗಳು ಈ ರೋಗಿಗಳಿಗೆ ಏನು ಮಾಡಿದವು ಎಂಬ ಕಥೆ ನಮ್ಮ ಕಿಟ್ಟಿನ ಅಜ್ಜನ ಕಥೆಯಂತಿದೆ. ಜರ್ಮನಿಯ ವೈದ್ಯ ರಾಬರ್ಟ್ ಕಾಖ್ 1882ರಲ್ಲೇ ರೋಗಾಣುವನ್ನು ತೋರಿಸಿದ್ದರೂ ಅದನ್ನು ಕೊಲ್ಲುವ ಔಷಧ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ. ಅಲ್ಲಿಯವರೆಗೆ ಹಾಲು, ತತ್ತಿ, ವಿಶ್ರಾಂತಿ ಮತ್ತು ಬಯಲ ಗಾಳಿ ಇವೇ ಚಿಕಿತ್ಸೆ. ಹೀಗಾಗಿ ಆ ಕಾಲದಲ್ಲಿ ರೋಗಿಯ ಅಡುಗೆಮನೆಗೆ ಕೊಡುವ ನೆರವು ಚಿಕಿತ್ಸೆಗಿಂತ ಬೇರೆಯಾದ ದಯೆಯ ಕೆಲಸವೇನೂ ಆಗಿರಲಿಲ್ಲ.

ಎಡಿನ್‌ಬರೋದಲ್ಲಿ ರಾಬರ್ಟ್ ಫಿಲಿಪ್ 1887ರಲ್ಲಿ ತೆರೆದ ಕ್ಷಯದ ಡಿಸ್ಪೆನ್ಸರಿ ಇದಕ್ಕೆಲ್ಲ ಮಾದರಿ. ರೋಗಿ ಬಂದರೆ ಔಷಧಿ ಬಾಟಲಿ ಕೊಟ್ಟು ಕಳಿಸದೆ, ದಾದಿಯನ್ನು ಅವರ ಮನೆಗೆ ಕಳಿಸುವುದು, ಮನೆ ಎಷ್ಟು ಕತ್ತಲು, ಒಂದು ಹಾಸಿಗೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂದು ನೋಡುವುದು, ಜೊತೆಗಿರುವವರನ್ನೂ ತಪಾಸಣೆ ಮಾಡುವುದು ಅದರ ಪದ್ಧತಿ. 1911ರ ರಾಷ್ಟ್ರೀಯ ವಿಮಾ ಕಾಯಿದೆಯಲ್ಲಿ ವಿಮೆಯುಳ್ಳ ಕಾರ್ಮಿಕರಿಗೆ ಸ್ಯಾನಿಟೋರಿಯಂ, ಅಂದರೆ ವಿಶ್ರಾಂತಿ ಮತ್ತು ಬಯಲ ಗಾಳಿಯ ಕ್ಷಯದ ಆಸ್ಪತ್ರೆ, ಅದರ ಸೌಲಭ್ಯ ಬಂತು. ಯುದ್ಧ ಮುಗಿದ ಮೇಲೆ, 1921ರ ಕ್ಷಯ ಕಾಯಿದೆ ಚಿಕಿತ್ಸೆಯ ವ್ಯವಸ್ಥೆಯನ್ನು ಜಿಲ್ಲಾ ಮತ್ತು ನಗರ ಕೌನ್ಸಿಲುಗಳ ಹೊಣೆಯಾಗಿ ಮಾಡಿತು. ಚಿಕಿತ್ಸೆಯ ನಂತರದ ಆರೈಕೆಯನ್ನು ಮಾತ್ರ ಅದೇ ಕಾಯಿದೆ ಕೌನ್ಸಿಲಿನ ಇಷ್ಟಕ್ಕೆ ಬಿಟ್ಟಿತು, ಬೇಕೆನಿಸಿದರೆ ಮಾಡಬಹುದು ಎಂದಷ್ಟೇ. ಈ ಸಾಲನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗುಳಿಗೆ ಮತ್ತು ಕಿಟ್. ನೂರು ವರ್ಷ ಕಳೆದರೂ ‘ಮಾಡಲೇಬೇಕು’ ಮತ್ತು ‘ಮಾಡಬಹುದು’ ಇವುಗಳ ನಡುವಿನ ಗೆರೆ ಅಲ್ಲೇ ಇದೆ.

ಇಷ್ಟಕ್ಕೆ ಬಿಟ್ಟ ಆ ಕೆಲಸವನ್ನು ಹಲವು ಊರುಗಳಲ್ಲಿ ಆರೈಕೆ ಸಮಿತಿಗಳು ಕೈಗೆತ್ತಿಕೊಂಡವು. ಊರಿನ ನಾಲ್ಕು ಜನ ಸೇರಿ ನಡೆಸುವ, ಡಿಸ್ಪೆನ್ಸರಿಗೆ ಹೊಂದಿಕೊಂಡ ಈ ಸಮಿತಿಗಳು ರೋಗಿಯ ಮನೆಗೆ ಹಾಲು ಮತ್ತು ತತ್ತಿ ಕೊಡಿಸುತ್ತಿದ್ದವು, ಕಂಬಳಿ ಮತ್ತು ಬಟ್ಟೆ ಒದಗಿಸುತ್ತಿದ್ದವು, ರೋಗಿ ಒಬ್ಬನೇ ಮಲಗಲೆಂದು ಮಂಚ ಎರವಲು ಕೊಡುತ್ತಿದ್ದವು, ಹಿತ್ತಲಿದ್ದವರಿಗೆ ಅಲ್ಲಿ ನಿಲ್ಲಿಸಿಕೊಳ್ಳಲು ರೋಗಿ ಮಲಗುವ ಮರದ ಸಣ್ಣ ಗೂಡನ್ನೂ ಕೊಡುತ್ತಿದ್ದವು. ಹಣ ಚಂದಾದಿಂದ ಬರಬೇಕು, ಇಲ್ಲವೆ ಅಂಚೆ ಚೀಟಿಯಂತೆ ಕಾಣುವ ಕ್ರಿಸ್‌ಮಸ್ ಸೀಲು ಮಾರಿ ಬರಬೇಕು. 1904ರಲ್ಲಿ ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ ಶುರುಮಾಡಿದ ಆ ಸೀಲುಗಳ ಮೊಮ್ಮಕ್ಕಳೇ 1950ರಿಂದ ನಮ್ಮ ದೇಶದಲ್ಲಿ ಮಾರಿದ ಟಿಬಿ ಸೀಲುಗಳು. ಗಾಂಧಿ ಜಯಂತಿಯ ಹೊತ್ತಿಗೆ ಶಾಲೆಯಲ್ಲಿ ಮಾಸ್ತರರು ಹಂಚಿ, ನಾವು ಪಟ್ಟಿಯ ಹಿಂಬದಿಗೆ ಅಂಟಿಸಿಕೊಂಡು ತಿರುಗುತ್ತಿದ್ದ ಚೀಟಿಗಳು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಆ ನಾಲ್ಕಾಣೆ ಎಂಟಾಣೆಯಿಂದ ಯಾರಿಗೆ ಏನಾಗುತ್ತದೆಂದು ಆಗ ನಾವು ಕೇಳಿರಲಿಲ್ಲ.

ಆರೈಕೆ ಸಮಿತಿಯಲ್ಲಿ ನಮ್ಮ ಕಿಟ್ಟಿನಲ್ಲಿ ಇಲ್ಲದ ಒಂದು ಗುಣವಿತ್ತು. ಸಮಿತಿಯವರು ಮನೆಯನ್ನು ನೋಡಿ ಕೊಡುತ್ತಿದ್ದರು. ಮಂಚ ಬೇಕಾದವನಿಗೆ ಮಂಚ, ಹಾಲು ಬೇಕಾದವನಿಗೆ ಹಾಲು. ನಮ್ಮಲ್ಲಿ ಪಡಿತರ ಅಂಗಡಿಯಿಂದ ಅಕ್ಕಿ ಬರುತ್ತದೆ, ಜೋಳವನ್ನು ಹೇಗೋ ಹೊಂದಿಸುತ್ತಾರೆ, ಕೊರತೆ ಇರುವುದು ಬೇಳೆಕಾಳಿನಲ್ಲಿ, ಹಾಲಿನಲ್ಲಿ. ಯಾರಾದರೂ ಒಮ್ಮೆ ಬಂದು ಕಾಕೂ ಅವರ ಡಬ್ಬಿಗಳನ್ನು ನೋಡಿದ್ದರೆ ಹಿಟ್ಟಿನ ಜಾಗದಲ್ಲಿ ಹೆಸರುಕಾಳು, ಮಡಕಿಕಾಳು, ಇನ್ನೊಂದು ಕಿಲೋ ಶೇಂಗಾ ಬರುತ್ತಿತ್ತು. ತತ್ತಿಯ ಮಾತೂ ಹಾಗೆಯೇ. ತತ್ತಿ ತಿನ್ನಿರೆಂದು ಎಲ್ಲರೂ ಹೇಳಿದರು, ಆದರೆ ಆ ಮನೆಯ ಒಲೆಯ ಮೇಲೆ ಎಂದೂ ತತ್ತಿ ಬೆಂದದ್ದಿಲ್ಲ. ಕೊನೆಗೆ ಕಾಕೂ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಒಂದು ಹಳೆಯ ಪಾತ್ರೆಯನ್ನು ಅದಕ್ಕೆಂದೇ ಬೇರೆ ಇಟ್ಟು, ಮುಖ ಆಚೆ ತಿರುಗಿಸಿಕೊಂಡು ಬೇಯಿಸಿ ಕೊಡತೊಡಗಿದರು. ತಿನ್ನುವಾಗ ಕಾಕಾ ಸಹ ಬೀದಿಯ ಕಡೆ ಬೆನ್ನು ಹಾಕಿಯೇ ಕುಳಿತುಕೊಳ್ಳುತ್ತಿದ್ದರು.

ಇಷ್ಟು ಹೇಳಿ ಆ ಸಮಿತಿಗಳನ್ನು ಹೊಗಳಿ ಕೈಬಿಟ್ಟರೆ ನ್ಯಾಯವಾಗದು. ಮನೆಯನ್ನು ನೋಡುವುದೆಂದರೆ ಮನೆಯನ್ನು ಜಾಲಾಡುವುದೂ ಆಗಿತ್ತು. ಸಮಿತಿಯಲ್ಲಿ ಹಣವಿಲ್ಲದಿದ್ದರೆ, ದಿಕ್ಕಿಲ್ಲದವರಿಗೆ ನೆರವು ಕೊಡುವ ಬಡವರ ಕಾಯಿದೆಯ ಕಚೇರಿಯೇ ಗತಿ. 1929ರ ಕಾಯಿದೆಯಂತೆ ಆ ಕಚೇರಿ ನಡೆಸುತ್ತಿದ್ದ ಹಳೆಯ ಮಂಡಳಿಗಳು ಹೋಗಿ ಸಾರ್ವಜನಿಕ ಸಹಾಯ ಸಮಿತಿಗಳು ಬಂದವು, ಆದರೆ ಅದೇ ಕಟ್ಟಡ, ಅದೇ ಹಂಗು. 1931ರ ಕೊನೆಗೆ ನಿರುದ್ಯೋಗಿಗಳ ನೆರವಿಗೆ ಮನೆಮಂದಿಯ ಆದಾಯದ ಪರೀಕ್ಷೆ ಬಂದ ಮೇಲೆ, ದುಡಿಯುವ ಮಗನ ಸಂಬಳವನ್ನು ಎಣಿಸಿ ತಂದೆಯ ಭತ್ಯೆಯನ್ನು ಕಡಿಯುವುದು ಊರೂರಲ್ಲಿ ಸಿಟ್ಟಿಗೆ ಕಾರಣವಾಯಿತು. ಕ್ಷಯವಂತೂ ಹೆಸರು ಹೇಳಲು ನಾಚುವ ರೋಗ. ನೆರವು ಕೇಳಿದರೆ ಓಣಿಗೆಲ್ಲ ತಿಳಿಯುತ್ತದೆಂದು ಕೇಳದೆಯೇ ಉಳಿದವರು ಅಲ್ಲಿಯೂ ಇದ್ದರು.

ನಮ್ಮಲ್ಲಿ ಆದಾಯದ ಪರೀಕ್ಷೆ ಇಲ್ಲ, ರೋಗವಿದ್ದರೆ ಸಾಕು, ಹಣ ಬರುತ್ತದೆ. ಇದು ದೊಡ್ಡ ಮಾತು, ಇದನ್ನು ಒಪ್ಪಲೇಬೇಕು. ಆದರೆ ನಾಚಿಕೆಗೆ ಬೇರೆ ಬಾಗಿಲು ಇದೆ. ಮೂರನೆಯ ತಿಂಗಳ ಕಿಟ್ಟನ್ನು ದಾನಿಗಳು ಮನೆಗೆ ಕಳಿಸಲಿಲ್ಲ. ಒಂದು ಸಭಾಂಗಣದಲ್ಲಿ ಸಮಾರಂಭ ಇಟ್ಟು, ಬ್ಯಾನರು ಕಟ್ಟಿ, ಹಾರ ತುರಾಯಿ ಮುಗಿದ ಮೇಲೆ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಚೀಲ ಎತ್ತಿ ಹಿಡಿಸಿ ಫೋಟೊ ತೆಗೆದರು. ಕಾಕಾ ಹೋಗಲಿಲ್ಲ, ನನ್ನನ್ನು ಕಳಿಸಿದರು. ಪೇಶಂಟರೇ ಬರಬೇಕು, ಫೋಟೊ ಮೇಲಕ್ಕೆ ಕಳಿಸಬೇಕಾಗುತ್ತದೆ ಎಂದು ನನಗೆ ಹೇಳಲಾಯಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ವಯಸ್ಸಾದ ನೌಕರರೊಬ್ಬರು ಚೀಲವನ್ನು ಹಿಂಬಾಗಿಲಿನಿಂದ ನನ್ನ ಕೈಗೆ ಕೊಟ್ಟು, ಹೋಗಿ ಬಿಡ್ರಿ ಎಂದರು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವರು ಕೊಟ್ಟದ್ದು ಸುಳ್ಳಲ್ಲ. ಆದರೂ ಅರ್ಧ ಅಂಕ ಅಲ್ಲಿಯೇ ಕಳೆಯಿತು.

ಹಣದ ಕಂತಿನಲ್ಲಿ ಆದ ತೊಂದರೆ ಇನ್ನೂ ನೀರಸವಾದದ್ದು. ಮುಂಗಡವಾಗಿ ಬರಬೇಕಿದ್ದ 3000 ರೂಪಾಯಿ ಬಂದದ್ದು ಮೂರನೆಯ ತಿಂಗಳಲ್ಲಿ. ಕಾಕಾ ಕೊಟ್ಟಿದ್ದ ಪಾಸ್‌ಬುಕ್ಕಿನ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಅದನ್ನು ತಿಳಿಯಲು ಒಂದು ಬ್ಯಾಂಕಿಗೆ ನಾಲ್ಕು ಸಲ ಅಲೆಯಬೇಕಾಯಿತು. ಮಗ್ಗ ನಿಂತು, ಮಜೂರಿ ನಿಂತು, ಔಷಧದಿಂದ ಹಸಿವು ಆಗಷ್ಟೇ ಮರಳುವ ಮೊದಲ ಎರಡು ತಿಂಗಳಿಗೆ ಆ ಹಣ ಬೇಕಾಗಿತ್ತು.

ಮಗ್ಗದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯ ದೊಡ್ಡ ಖಾಲಿ ಜಾಗ ಅಲ್ಲಿದೆ. ಕಾಕಾ ಅವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ಮೆಟ್ಟು ಒತ್ತುತ್ತ, ಕೈಯಿಂದ ಲಾಳಿ ಓಡಿಸುವುದು. ಬೆಳಕು ನೂಲಿನ ಮೇಲೆ ಬೀಳಲು ಒಂದು ಸಣ್ಣ ಕಿಟಕಿ, ಗಾಳಿಗೆ ಅದೇ ಕಿಟಕಿ. ಮಗ್ಗ, ಒಲೆ, ಹಾಸಿಗೆ ಎಲ್ಲವೂ ಆ ಒಂದೂವರೆ ಕೋಣೆಯಲ್ಲಿ. ಕಾಕೂ ಕಂಡಿಕಿ ಸುತ್ತುತ್ತಾರೆ, ಕಾಕಾ ನೇಯುತ್ತಾರೆ, ಸಾವಕಾರರು ನೂಲು ಕೊಟ್ಟು ಸೀರೆ ಒಯ್ದು ಮಜೂರಿ ಕೊಡುತ್ತಾರೆ. ಕಾಯಿಲೆ ಗೊತ್ತಾದ ದಿನ ಮಗ್ಗದ ಮೇಲೆ ಗೋಮಿ ದಡಿಯ ಸೀರೆಯೊಂದು ಅರ್ಧಕ್ಕೆ ನಿಂತಿತ್ತು, ಅದರ ಮೇಲೆ ಮುಂಗಡವನ್ನೂ ಪಡೆದಾಗಿತ್ತು. ವೈದ್ಯರು ಎರಡು ತಿಂಗಳು ದುಡಿಯಬೇಡಿ ಎಂದಾಗ ಕಾಕಾ ರೋಗದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ‘ಮಗ್ಗ ನಿಂತ್ರ ಮನಿ ನಿಂತಂಗ, ಸಾಹೇಬ್ರ’ ಎಂದರು. ನಿಂತ ಮಗ್ಗಕ್ಕೆ ಉತ್ತರ ಕೊಡುವ ಯೋಜನೆ ಇದರಲ್ಲಿ ಯಾವುದೂ ಇಲ್ಲ. ತಿಂಗಳ 1000 ರೂಪಾಯಿ ಊಟಕ್ಕೆಂದು ಬರುತ್ತದೆ, ಮಜೂರಿ ಹೋದ ಮನೆಯಲ್ಲಿ ಅದು ಮೊದಲು ಕಿರಾಣಿ ಅಂಗಡಿಯ ಉದ್ರಿಗೆ ಹೋಗುತ್ತದೆ.

ಯುದ್ಧಗಳ ನಡುವಿನ ಕಾಲದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಕೇಂಬ್ರಿಜ್ ಪ್ರಾಂತದ ವೈದ್ಯ ಪೆಂಡ್ರಿಲ್ ವೇರಿಯರ್-ಜೋನ್ಸ್. ಸ್ಯಾನಿಟೋರಿಯಮ್ಮಿನಲ್ಲಿ ಆರು ತಿಂಗಳು ಹಾಲು ಕುಡಿದು ದುಂಡಗಾದ ಕಾರ್ಮಿಕನನ್ನು ಮತ್ತೆ ಅದೇ ಕಾರ್ಖಾನೆಗೆ, ಅದೇ ಕತ್ತಲ ಮನೆಗೆ ಕಳಿಸಿದರೆ ರೋಗ ಮರಳುವುದು ನಿಶ್ಚಿತ ಎಂಬುದು ಅವರ ವಾದ. 1916ರಲ್ಲಿ ಬೋರ್ನ್ ಎಂಬಲ್ಲಿ ಸಣ್ಣದಾಗಿ ಆರಂಭಿಸಿ, 1918ರಲ್ಲಿ ಪ್ಯಾಪ್‌ವರ್ತ್‌ಗೆ ಸ್ಥಳಾಂತರಿಸಿ, ಅಲ್ಲೊಂದು ಹಳ್ಳಿಯನ್ನೇ ಕಟ್ಟಿದರು. ರೋಗಿ ಹೆಂಡತಿ ಮಕ್ಕಳೊಂದಿಗೆ ಗಾಳಿ ಬೆಳಕಿನ ಮನೆಯಲ್ಲಿ ಇರುತ್ತಾನೆ, ಬಡಗಿತನ, ಚರ್ಮದ ಪೆಟ್ಟಿಗೆ ತಯಾರಿಕೆ ಮುಂತಾದ ಕೆಲಸವನ್ನು ತನ್ನ ಕೈಲಾದಷ್ಟು ತಾಸು ಮಾಡುತ್ತಾನೆ, ಅದಕ್ಕೆ ಕೂಲಿ ಪಡೆಯುತ್ತಾನೆ. ದಿನಕ್ಕೆ ಎಷ್ಟು ತಾಸು ದುಡಿಯಬೇಕೆಂಬುದನ್ನು ಔಷಧದ ಪ್ರಮಾಣದಂತೆ ವೈದ್ಯರೇ ನಿರ್ಧರಿಸುತ್ತಿದ್ದರು. ಇಡೀ ದೇಶಕ್ಕೆ ಹಂಚುವಷ್ಟು ಅಗ್ಗದ ಏರ್ಪಾಡು ಅದಾಗಿರಲಿಲ್ಲ, ಒಳಗೆ ಬಂದವರಿಗಿಂತ ಹೊರಗೆ ಉಳಿದವರೇ ಬಹಳ. ಆದರೂ ಎಂಟನೆಯ ವಾರದ ಕಫ ತಪಾಸಣೆಯಲ್ಲಿ ರೋಗಾಣು ಇಲ್ಲವೆಂದು ಬಂದ ಮೇಲೆ, ನಮ್ಮ ವೈದ್ಯರು ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮಗ್ಗಕ್ಕೆ ಕೂತುಕೊಳ್ಳಿ, ಹೆಚ್ಚಿಗೆ ಬೇಡ ಎಂದಾಗ ನನಗೆ ಪ್ಯಾಪ್‌ವರ್ತ್ ಕಣ್ಣಿಗೆ ಕಟ್ಟಿತು. ಒಂದೇ ವ್ಯತ್ಯಾಸವೆಂದರೆ ಎರಡು ತಾಸಿನ ಕೆಲಸಕ್ಕೆ ಸಾವಕಾರರ ಲೆಕ್ಕದಲ್ಲಿ ಬೇರೆ ದರವಿಲ್ಲ. ಮೊದಲು ವಾರದೊಳಗೆ ಇಳಿಯುತ್ತಿದ್ದ ಸೀರೆ ಮೂರು ವಾರಕ್ಕೆ ಇಳಿಯಿತು, ಮಜೂರಿ ಒಂದು ಸೀರೆಯದ್ದೇ.

ನೆರವು ಕೊಡುವವರು ಊಟದ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಆ ಕಾಲದ ಇನ್ನೊಂದು ಊರನ್ನು ನೋಡಬೇಕು. ಇಂಗ್ಲೆಂಡಿನ ಸ್ಟಾಕ್‌ಟನ್-ಆನ್-ಟೀಸ್ ಎಂಬ ಊರಿನಲ್ಲಿ 1927ರಲ್ಲಿ ಕೊಳೆಗೇರಿಯೊಂದನ್ನು ಕೆಡವಿ, ಅಲ್ಲಿದ್ದವರನ್ನು ಹೊಸ ಬಡಾವಣೆಯ ಒಳ್ಳೆಯ ಮನೆಗಳಿಗೆ ಸಾಗಿಸಿದರು. ಊರಿನ ಆರೋಗ್ಯಾಧಿಕಾರಿ ಮೆಕ್‌ಗೋನಿಗಲ್ ಲೆಕ್ಕ ತೆಗೆದು ನೋಡಿದಾಗ, ಹೊಸ ಮನೆಗೆ ಹೋದವರಲ್ಲಿ ಸಾವಿನ ಪ್ರಮಾಣ ಇಳಿಯುವ ಬದಲು ಏರಿತ್ತು. ಇದು ಕ್ಷಯವೊಂದರ ಲೆಕ್ಕವಲ್ಲ, ಒಟ್ಟು ಸಾವಿನದು. ಕಾರಣ ಹುಡುಕುತ್ತ ಹೋದ ಅವರಿಗೆ ಸಿಕ್ಕ ಉತ್ತರ ಬಾಡಿಗೆ. ಹೊಸ ಮನೆಯ ಬಾಡಿಗೆ ಹೆಚ್ಚಾದ್ದರಿಂದ ಊಟಕ್ಕೆ ಉಳಿಯುವ ಹಣ ಕಡಿಮೆಯಾಗಿತ್ತು.

ಅದೇ ವರ್ಷಗಳಲ್ಲಿ ನಮ್ಮ ಕಡೆ ಹೇಗಿತ್ತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಇಳಕಲ್, ಬಾಗಲಕೋಟೆ ಎಲ್ಲವೂ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಮದನಪಲ್ಲಿಯ ಮಿಷನ್ ಸ್ಯಾನಿಟೋರಿಯಂ 1915ರಲ್ಲಿ ಶುರುವಾಗಿತ್ತು, ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಕ್ಷಯದ ಆಸ್ಪತ್ರೆ 1921ರಲ್ಲಿ. ನಮ್ಮ ಭಾಗದವರ ಬಾಯಲ್ಲಿ ದೊಡ್ಡ ಕಾಯಿಲೆಗೆ ಒಂದೇ ಊರು, ಅದು ಮಿರಜ್. ಅಲ್ಲಿ ವಾನ್ಲೆಸ್ ಎಂಬ ಮಿಷನರಿ ವೈದ್ಯರ ಹೆಸರಿನಲ್ಲಿ ಬೆಳೆದ ವಾನ್ಲೆಸ್‌ವಾಡಿಯ ಎದೆರೋಗದ ಆಸ್ಪತ್ರೆಗೆ ಹೋಗಿ ಬರಲು ಹೊಲ ಮಾರಿದವರ ಕಥೆಗಳನ್ನು ಆಯಿ ಈಗಲೂ ಹೇಳುತ್ತಾರೆ. ಮನೆಯಲ್ಲೇ ಉಳಿದ ರೋಗಿಗೆ ಹಾಲು ತಂದುಕೊಡುವ ಸಮಿತಿಯನ್ನಂತೂ ಅವರ ಯಾವ ಕಥೆಯಲ್ಲೂ ನಾನು ಕೇಳಿಲ್ಲ.

ಔಷಧ ಬಂದ ಮೇಲೆ ಊಟದ ಮಾತು ಹಿಂದೆ ಸರಿಯಿತು. ಇದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ. 1956ರಲ್ಲಿ ಆರಂಭವಾದ ಮದ್ರಾಸಿನ ಅಧ್ಯಯನದಲ್ಲಿ, ಸ್ಯಾನಿಟೋರಿಯಮ್ಮಿನಲ್ಲಿ ಚೆನ್ನಾಗಿ ಉಂಡು ಮಲಗಿದವರಿಗೂ, ಬಡ ಮನೆಯಲ್ಲೇ ಉಳಿದು ಅರೆಬರೆ ಉಂಡು ಅದೇ ಔಷಧ ನುಂಗಿದವರಿಗೂ ಗುಣವಾಗುವುದರಲ್ಲಿ ಹೆಚ್ಚು ಅಂತರವಿಲ್ಲವೆಂದು ಕಂಡುಬಂತು. ಕಾಕಾ ತಮ್ಮ ಮನೆಯಲ್ಲೇ ಇದ್ದು ಗುಣವಾಗಲು ಸಾಧ್ಯವಾದದ್ದು ಆ ಅಧ್ಯಯನದಿಂದಲೇ, ಹಾಗಾಗಿ ಅದನ್ನು ನಾನು ಹಳಿಯಲಾರೆ. ಆದರೆ ಗುಳಿಗೆ ಸಾಕು, ಊಟ ಹೇಗಿದ್ದರೂ ನಡೆದೀತು ಎಂದು ಅದನ್ನು ಅರ್ಥಮಾಡಿಕೊಂಡಾಗ ತಪ್ಪಾಯಿತು. ಆ ಲೆಕ್ಕದಲ್ಲಿ ಮನೆಯ ಉಳಿದ ನಾಲ್ವರು ಇರಲಿಲ್ಲ.

ಆ ನಾಲ್ವರನ್ನು ಲೆಕ್ಕಕ್ಕೆ ತಂದವರಲ್ಲಿ ನಮ್ಮ ರಾಜ್ಯದವರೂ ಇದ್ದಾರೆ ಎಂಬುದು ಹೆಮ್ಮೆಯ ಸಂಗತಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಸಂಗಡಿಗರೊಂದಿಗೆ 2019ರಿಂದ 2022ರವರೆಗೆ ಜಾರ್ಖಂಡಿನಲ್ಲಿ 2,800 ರೋಗಿಗಳ ಮನೆಗಳಲ್ಲಿ ಆಹಾರ ಕೊಟ್ಟು ನೋಡಿದರು. ಎಲ್ಲ ರೋಗಿಗಳಿಗೂ ದಿನಕ್ಕೆ 1200 ಕ್ಯಾಲೊರಿ ಮತ್ತು 52 ಗ್ರಾಂ ಪ್ರೋಟೀನು ಸಿಗುವಷ್ಟು ಧಾನ್ಯ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕಡೆ ಮನೆಮಂದಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿ ಬೇಳೆ. ಹಾಗೆ ಉಂಡ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು, ಇತರರಿಗೆ ಹರಡುವ ಬಗೆಯ ಕ್ಷಯ ಶೇಕಡಾ 48ರಷ್ಟು. ರೋಗಿಗಳ ಪೈಕಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು. ಇದೇ ಭಾರ್ಗವರು ಅದಕ್ಕೂ ಮೊದಲು ಬೇರೆ ದೇಶದ ವೈದ್ಯರೊಂದಿಗೆ ಕೂಡಿ ಪ್ಯಾಪ್‌ವರ್ತ್‌ನ ಹಳೆಯ ದಾಖಲೆಗಳನ್ನು ಮತ್ತೆ ತೆರೆದು ನೋಡಿದ್ದರು. ಆ ಹಳ್ಳಿಯ ಮಕ್ಕಳಿಗೆ ತಂದೆಯಿಂದ ಸೋಂಕು ತಗಲುವುದೇನೂ ತಪ್ಪಿರಲಿಲ್ಲ, ಆದರೆ ಸೋಂಕು ರೋಗವಾಗಿ ಎದ್ದದ್ದು ಬಹಳ ಕಡಿಮೆ. ಹೊಟ್ಟೆ ತುಂಬ ಊಟ, ಗಾಳಿಯಾಡುವ ಮನೆ, ನಿಲ್ಲದ ಕೂಲಿ, ಇಷ್ಟೇ ಅಲ್ಲಿದ್ದ ಔಷಧ.

ಇದನ್ನು ಓದಿದ ಮೇಲೆ ನಮ್ಮ ಮನೆಯ ಚೀಲದ ಮೇಲಿದ್ದ ‘ರೋಗಿಗೆ ಮಾತ್ರ’ ಎಂಬ ಚೀಟಿ ನನಗೆ ಇನ್ನಷ್ಟು ಚುಚ್ಚಿತು. ಮನೆಮಂದಿಗೂ ಈ ನೆರವನ್ನು ವಿಸ್ತರಿಸಬಹುದೆಂದು 2024ರ ಕೊನೆಯಲ್ಲಿ ಕೇಂದ್ರವೇ ಹೇಳಿದೆ. ಇಲ್ಲಿಯೂ ಅದು ‘ಬಹುದು’, ದಾನಿ ಒಪ್ಪಿದರೆ ಉಂಟು. ನಮ್ಮ ದಾನಿಗಳ ಪಟ್ಟಿಯಲ್ಲಿ ಆ ಅಂಕಣ ಖಾಲಿ ಇತ್ತು. ಕೊಡುವವರಿಗೆ ನನ್ನ ವಿನಂತಿ ಇಷ್ಟೇ: ಹತ್ತು ರೋಗಿಗಳಿಗೆ ಒಂದೊಂದು ಚೀಲ ಕೊಟ್ಟು ಹತ್ತು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಮೂರು ಮನೆಗಳ ಬೇಳೆಯ ಡಬ್ಬಿಯನ್ನು ಆರು ತಿಂಗಳು ತುಂಬಿಸಿ. ಗೋಧಿಯನ್ನು ಕೈಬಿಡಿ. ಶೇಂಗಾ ಇಮ್ಮಡಿ ಮಾಡಿ, ಅದು ಹಿಂಡಿಯಾಗಿ ರೊಟ್ಟಿಯ ಮೇಲೆ, ಉಂಡೆಯಾಗಿ ಮಕ್ಕಳ ಕೈಗೆ, ಹೇಗೂ ಹೊಟ್ಟೆ ಸೇರುತ್ತದೆ. ಕಿಟ್ಟಿನ ಭಾಗಕ್ಕೆ ನಾನು ಕೊಡುವುದು ಐದಕ್ಕೆ ಎರಡೂವರೆ. ಶೇಂಗಾ ಇಲ್ಲದಿದ್ದರೆ ಎರಡೇ ಕೊಡುತ್ತಿದ್ದೆ. ಹೋದ ಮಜೂರಿಯ ಭಾಗದಲ್ಲಿ ತೂಗಲು ಏನೂ ಇಲ್ಲವಾದ್ದರಿಂದ ಅಂಕವೂ ಇಲ್ಲ.

ಕಾಕಾ ಅವರ ತೂಕ ಆರಂಭದಲ್ಲಿ 41 ಕಿಲೋ ಇತ್ತು, ಎರಡು ತಿಂಗಳಿಗೆ 43, ಕೊನೆಯ ದಿನ 47 ಕಿಲೋ 400 ಗ್ರಾಂ. ಈಗ ಮಗ್ಗ ದಿನಕ್ಕೆ ಐದು ತಾಸು ನಡೆಯುತ್ತಿದೆ, ಕಿಟಕಿಯನ್ನು ಒಂದೂವರೆ ಅಡಿ ಅಗಲ ಮಾಡಿಸಿದ್ದೇವೆ.

ಹೊಸದಾಗಿ ಹೆಸರು ಬರೆಸುವವರು ಇವಿಷ್ಟನ್ನು ಗಮನದಲ್ಲಿಡಿ. ನೋಂದಣಿಯ ದಿನವೇ ಪಾಸ್‌ಬುಕ್ಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ, ಆಗಿರಬಹುದು ಎಂದು ನಂಬಿ ಕೂಡಬೇಡಿ. ನೋಂದಣಿಯಾದಾಗ ರೋಗಿಗೆ ಸಿಗುವ ನಿಕ್ಷಯ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ತೂಕ ತೀರಾ ಕಡಿಮೆಯಿದ್ದರೆ ಮೊದಲ ಎರಡು ತಿಂಗಳಿಗೆ ಕೊಡುವ ಪೌಷ್ಟಿಕ ಪುಡಿಯನ್ನು ನೀವಾಗಿಯೇ ವಿಚಾರಿಸಿ. ಮನೆಯ ಮಕ್ಕಳನ್ನೂ ಹಿರಿಯರನ್ನೂ ತಪಾಸಣೆ ಮಾಡಿಸಿ, ರೋಗವಿಲ್ಲವೆಂದು ಖಚಿತವಾದವರಿಗೆ ಮುಂದೆ ಬಾರದಂತೆ ಕೊಡುವ ಗುಳಿಗೆ ಇದೆ, ದಿನನಿತ್ಯ ಆರು ತಿಂಗಳಿನದು ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ್ದು, ಅದನ್ನು ಕೇಳಿ ಪಡೆಯಿರಿ. ಮೂತ್ರ ಕೇಸರಿಯಾದರೆ ಅಂಜಬೇಡಿ.